ಮೀನಿಗೆ ಬಿಟ್ಟ ಮೊಳಕಾಲುದ್ದ ನೀರು

ಮೀಟಿಂಗಿಗೆ ಹೋಗಿ ಹರಿಗೋಲಿನಲ್ಲಿ ತೂಕಡಿಸಿದವರನ್ನು ನೋಡಿದ್ದೀರಾ? ಹೋದ ಭಾನುವಾರ ಆ ಕೆಲಸ ನಾನು ಮಾಡಿದೆ.

ಚನ್ನಗಿರಿ ಕಡೆಯ ಹಳ್ಳಿ ನಮ್ಮದು. ಸೂಳೆಕೆರೆಯನ್ನು ನಾಡೆಲ್ಲ ಬಲ್ಲದು, ನಮ್ಮೂರ ಸಣ್ಣ ಕೆರೆ ನಮಗಷ್ಟೇ ಗೊತ್ತು. ಈಗ ಅದರಲ್ಲಿರುವುದು ಸೊಂಟದ ಮಟ್ಟದ ನೀರು. ಬೇಸಿಗೆ ಭತ್ತಕ್ಕೆ ಇನ್ನೊಂದು ಸಲ ನೀರು ಹಾಯಿಸಬೇಕು. ಕೆರೆಯ ತೂಬು ಪೂರ್ತಿ ಎತ್ತಿದರೆ ಬೆಳೆ ಉಳಿಯುತ್ತದೆ, ಮೀನು ಕೆಸರಲ್ಲಿ ಸಾಯುತ್ತವೆ. ಮೀಟಿಂಗಿಗೆಂದು ಊರವರು ಏರಿ ಮೇಲೆ ಸೇರಿದ್ದೇ ತಡ, ಕೂಗಾಟವೋ ಕೂಗಾಟ!

"ಮೀನಿಗೇನು, ಮಳೆ ಬಂದ್ರೆ ತಾವೇ ಬರ್ತಾವೆ" ಎಂದೆ. (ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂಬ ಜಂಬ.)

"ಆಕಾಶದಿಂದ ಉದುರ್ತಾವೇನ್ರಿ ಮೇಷ್ಟ್ರೇ?" ಮೀನು ಹಿಡಿದು ಮಾರುವ ಗಂಗಕ್ಕ ಸೊಂಟಕ್ಕೆ ಕೈಯಿಟ್ಟಳು. "ಮೊಟ್ಟೆ ತುಂಬಿರೋ ಮೀನು ಈಗ ಸತ್ರೆ ಮರಿ ಎಲ್ಲಿಂದ ಬರ್ಬೇಕು?"

ತೂಬು ಕಾಯುವ ನೀರುಗಂಟಿ ತಿಪ್ಪಣ್ಣನಿಗೆ ಸಾಕಾಗಿತ್ತು. "ಗದ್ದೆಯೋರು ಹರಿಗೋಲು ಹತ್ರಿ, ಮೀನಿನೋರು ಗದ್ದೆಗೆ ಇಳೀರಿ. ನೋಡ್ಕಂಡು ಬಂದು ಆಮೇಲೆ ಮಾತಾಡ್ರಿ!"

ಹತ್ತಿದೆವು. ತಿಪ್ಪಣ್ಣ ಹುಟ್ಟು ಹಾಕಿದಂತೆ ಹರಿಗೋಲು ಮೆಲ್ಲಗೆ ಸುತ್ತಿತು. ಏರಿ, ಹುಣಸೆಮರ, ಗುಡ್ಡ ಎಲ್ಲವೂ ಸುತ್ತಿದವು. ನೀರಿಗೆ ಕೈ ಇಳಿಬಿಟ್ಟು ಕೂತವನಿಗೆ ಯಾವಾಗ ಕಣ್ಣು ಮುಚ್ಚಿತೋ. ತಣ್ಣಗೆ ಏನೋ ಬೆರಳು ಸವರಿ ಎಚ್ಚರವಾಯಿತು. ಬಗ್ಗಿ ನೋಡಿದರೆ ಹೊಟ್ಟೆ ದಪ್ಪಗಾದ ಮೀನು, ಒಂದರ ಹಿಂದೊಂದು, ಯಾವ ಅವಸರವೂ ಇಲ್ಲದೆ ಹೋಗುತ್ತಿದ್ದವು. ಇವೇನಾ ತಾವೇ ಬರುವ ಮೀನು? ನಾಚಿಕೆಯಾಯಿತು.

ದಡಕ್ಕೆ ಬಂದರೆ ಗಂಗಕ್ಕನ ಮುಖ ಸಪ್ಪಗಿತ್ತು. "ಗದ್ದೆ ಬಿರುಕಿನಾಗೆ ಕೈಯಿಟ್ಟೆ, ಮಣಿಕಟ್ಟಿನ ತನಕ ಹೋತು. ತೆನೆ ಇನ್ನೂ ಹಾಲುಗಾಳು ಐತೆ. ನೀರು ಬಿಡ್ರಿ ಅತ್ಲಾಗೆ."

"ಬೇಡ, ಪೂರ್ತಿ ಬಿಡಬೇಡ್ರಿ" ಎಂದೆ ನಾನು!

ಅವಳು ನಮ್ಮ ಪರ, ನಾವು ಅವಳ ಪರ. ಇಂಥ ಜಗಳ ಎಲ್ಲಾದರೂ ಕಂಡಿದ್ದೀರಾ? ಕೊನೆಗೆ ಮೀನಿಗೆ ಮೊಳಕಾಲುದ್ದ ನೀರು ಉಳಿಸಿ, ಮಿಕ್ಕಿದ್ದನ್ನು ಗದ್ದೆಗೆ ಬಿಡುವುದೆಂದಾಯಿತು. ಮೊದಲು ಚಪ್ಪಾಳೆ ಹೊಡೆದವನೇ ನಾನು.

"ಹಂಗಾದ್ರೆ ಕಾಲುವೆ ಕೊನೇ ಗದ್ದೆಗೆ ನೀರು ಮುಟ್ಟಲ್ಲ" ಎಂದ ತಿಪ್ಪಣ್ಣ, ನನ್ನ ಮುಖ ನೋಡದೆ.

ಕೊನೇ ಗದ್ದೆ ನನ್ನದು. ಚಪ್ಪಾಳೆ ಹೊಡೆದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. "ಆಗ್ಲಿ ಬಿಡ್ರಿ" ಎಂದೆ. ಆ ದನಿ ನನಗೇ ಕೇಳಿಸಲಿಲ್ಲ.

ನಿಸರ್ಗಕ್ಕೂ ಪಾಲು ಕೊಡಬೇಕೆಂದು ಪತ್ರಿಕೆಯ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆ; ಯಾರ ಪಾಲಿನಿಂದ ಎಂದು ಒಮ್ಮೆಯಾದರೂ ಬರೆದಿದ್ದೆನೇ?