ನನ್ನ ಕಾಲ ಕೆಳಗಿದ್ದ ಬ್ರೇಕು

ಇದನ್ನು ಹೇಳುವುದನ್ನು ನಾನು ಎಂಟು ವರ್ಷದಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ದೀಪಾವಳಿ ಆಗಲಿ, ಭಾಲ್ಕಿಯ ಮೇಡಂ ಒಬ್ಬರ ಕಾಲಿನ ರಾಡು ತೆಗೆಯಲಿ, ನನ್ನ ಹೆಂಡತಿಯ ಕಣ್ಣಿನ ಆಪರೇಷನ್ ಮುಗಿಯಲಿ — ಹೀಗೆ ಏನೋ ಒಂದು. ಎರಡು ಸಲ ಬೀದರಿನಿಂದ ಭಾಲ್ಕಿಯ ಬಸ್ಸು ಹತ್ತಿದ್ದೆ. ಎರಡು ಸಲವೂ ಭಾಲ್ಕಿ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಅದೇ ಬಸ್ಸಿಗೆ ವಾಪಸು ಬಂದೆ. ಹೇಳಬೇಕಾದದ್ದು ದೊಡ್ಡದೇನಲ್ಲ, ಮೂರೇ ಶಬ್ದ. ಬ್ರೇಕು ಒತ್ತುತ್ತಿದ್ದವನು ನಾನು.

ಬೀದರಿನಲ್ಲಿ ಮೂವತ್ತೊಂಬತ್ತು ವರ್ಷ ಜನರಿಗೆ ಗಾಡಿ ಕಲಿಸಿದವನು ನಾನು. ಮೆಟ್ರಿಕ್ ಪಾಸಾದ ಮೇಲೆ ಬೇರೆ ಕೆಲಸ ಸಿಗದೆ ಇದಕ್ಕೆ ಬಂದೆ, ಇದರಲ್ಲೇ ಮುದುಕನಾದೆ. ಊರಲ್ಲಿ ನನ್ನ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ. ಉಸ್ತಾದ್ ಎಂದರೆ ಸಾಕು.

ಗಾಡಿ ಕಲಿತವರೆಲ್ಲ ನೋಡಿರುತ್ತೀರಿ — ಕಲಿಸುವ ಕಾರಿನಲ್ಲಿ ಉಸ್ತಾದನ ಕಾಲ ಹತ್ತಿರವೂ ಒಂದು ಬ್ರೇಕು ಇರುತ್ತದೆ. ಎರಡೂ ಪೆಡಲುಗಳನ್ನು ಒಳಗೆ ಒಂದು ಕಂಬಿ ಜೋಡಿಸಿರುತ್ತದೆ. ನಾನು ನನ್ನದನ್ನು ಒತ್ತಿದರೆ ಕಲಿಯುವವರ ಕಾಲ ಕೆಳಗಿನದೂ ತಾನಾಗಿ ಇಳಿಯುತ್ತದೆ. ಅವರ ಕಾಲು ಅದರ ಮೇಲೆ ಸುಮ್ಮನೆ ಇದ್ದರೂ ಸಾಕು, ತಾವೇ ಒತ್ತಿದೆವು ಎಂದು ಅವರಿಗೆ ಅನಿಸುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ಎಲ್ಲರೂ ಮಾಡುತ್ತೇವೆ. ಅಂಜುವವರಿದ್ದರೆ ಮೆಲ್ಲಗೆ ಒತ್ತಿ, ಗಾಡಿ ನಿಂತ ಮೇಲೆ "ನೋಡ್ರಿ, ನೀವೇ ನಿಲ್ಲಿಸಿದ್ರಿ" ಎಂದು ಹೇಳುತ್ತೇವೆ. ಅದು ಧೈರ್ಯಕ್ಕೆ ಹೇಳುವ ಸುಳ್ಳು. ಸಂತೆಯ ದಾರಿಯಲ್ಲಿ ಇಪ್ಪತ್ತರ ವೇಗದಲ್ಲಿ ಹೋಗುವವರಿಗೆ ಆ ಸುಳ್ಳಿನಿಂದ ಕೆಟ್ಟದ್ದೇನೂ ಆಗಲಿಲ್ಲ. ಹಾಗೆಂದು ನಂಬಿಕೊಂಡಿದ್ದೆ.

ಆ ಮೇಡಂ ಭಾಲ್ಕಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಹರೆಯದಲ್ಲಿ ಓಟದಲ್ಲಿ ಜಿಲ್ಲೆಗೆಲ್ಲ ಹೆಸರಾದವರು. ಕಾರು ಕಲಿತದ್ದೂ ನನ್ನ ಹತ್ತಿರವೇ. ಲೈಸನ್ಸು ಬಂದು, ಸ್ವಂತ ಗಾಡಿ ಕೊಂಡು ಎರಡು ವರ್ಷವಾದ ಮೇಲೆ ಒಂದು ದಿನ ನನ್ನ ಡ್ರೈವಿಂಗ್ ಸ್ಕೂಲಿನ ಮುಂದೆ ಬಂದು ನಿಂತರು.

"ಉಸ್ತಾದ್, ರೋಡಿನ ಮ್ಯಾಲ ಜೋರ್ ಹೋಗಬ್ಯಾಡ್ರಿ ಅಂತ ಹೇಳ್ತೀರಿ. ಬರಾಬರ್ ಅದ. ಹಂಗಾದ್ರ ಜೋರ್ ಹೋಗ್ಲಿಕ್ಕಂತ ಜಾಗಾ ಎಲ್ಲಿ ಅದರಿ?"

"ಅಂಥಾ ಜಾಗಾ ಸಿನಿಮಾದಾಗ ಇರ್ತದ್ರಿ ಮೇಡಂ" ಎಂದು ನಕ್ಕೆ.

ಅವರು ನಗಲಿಲ್ಲ. ಮೊಬೈಲು ತೆಗೆದು ತೋರಿಸಿದರು. ನಮ್ಮಂಥ ಸಾದಾ ಜನ ತಮ್ಮ ತಮ್ಮ ಕಾರು ತಂದು, ಹೆಲ್ಮೆಟ್ ಹಾಕಿಕೊಂಡು, ರೇಸಿನ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಿ ಹೋಗುತ್ತಾರಂತೆ. ರೇಸು ಅಲ್ಲ, ಯಾರೂ ಯಾರನ್ನೂ ಸೋಲಿಸುವುದಿಲ್ಲ, ಕಲಿಸುವವರೂ ಇರುತ್ತಾರೆ. ಅದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. "ನನಗ ಓಡೋದು ಮುಗೀತ್ರಿ ಉಸ್ತಾದ್, ಮೊಣಕಾಲು ಕೇಳಂಗಿಲ್ಲ. ಆದ್ರ ಗಾಡಿ ನನ್ನ ಮಾತು ಕೇಳ್ತದ. ಗಾಡಿ ಪೂರಾ ಕೈಯಾಗ ಬಂದ್ರ ಭಾಲ್ಕ್ಯಾಗ ಹೆಣ್ಮಕ್ಳಿಗೆ ನಾನೇ ಕಲಿಸ್ತೇನಿ. ಐತವಾರ ಐತವಾರ."

ಅಲ್ಲಿಂದ ಐದು ತಿಂಗಳು ಇಬ್ಬರೂ ಹುಡುಕಿದೆವು. ಅವರು ಮೊಬೈಲಿನಲ್ಲಿ ನಂಬರು ತೆಗೆಯುವುದು, ನಾನು ನನ್ನ ದಖ್ಖನಿ ಹಿಂದಿಯಲ್ಲಿ ಮಾತಾಡುವುದು. ಒಂದು ಕಡೆ ಬರೀ ಮೋಟರ್‌ಸೈಕಲ್ಲು ಎಂದರು. ಇನ್ನೊಂದು ಕಡೆ ತಮ್ಮದೇ ಕಂಪನಿಯ ದುಬಾರಿ ಕಾರು ಇದ್ದವರಿಗೆ ಮಾತ್ರ. ಮತ್ತೊಂದು ಕಡೆ ರೇಸಿನ ಲೈಸನ್ಸು ಇದೆಯಾ ಎಂದು ಕೇಳಿದರು. ಹೈದರಾಬಾದಿನ ಕಡೆ ಒಬ್ಬ ಆಟದ ಸಣ್ಣ ಗಾಡಿಗಳನ್ನು ತೋರಿಸಿದ — ಮೇಡಂ ಅವನ ಮೇಲೆ ಸಿಟ್ಟಾದರು. ಬೀದರ್ ಎಂದರೆ ಎಲ್ಲಿ ಎಂದು ಕೇಳಿದವರೇ ಹೆಚ್ಚು. ನಾನು ಕ್ಯಾಲೆಂಡರಿನ ಹಿಂದೆ ಒಂದೊಂದೇ ಬರೆದು, ಆಗದ್ದನ್ನು ಹೊಡೆದು ಹಾಕುತ್ತಿದ್ದೆ. ಕೊನೆಗೆ ತಮಿಳುನಾಡಿನ ಒಂದು ಟ್ರ್ಯಾಕಿನಲ್ಲಿ ಹೊಸಬರಿಗೂ ಜಾಗವಿದೆ, ಸಾದಾ ಕಾರೂ ನಡೆಯುತ್ತದೆ ಎಂದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಹೊತ್ತಿಗೆ ಅದು ಅವರ ಆಸೆಯಾಗಿ ಉಳಿದಿರಲಿಲ್ಲ, ನನ್ನದಾಗಿತ್ತು. ಬೀದರಿನ ಉಸ್ತಾದನ ಶಿಷ್ಯೆ ರೇಸಿನ ಟ್ರ್ಯಾಕಿಗೆ ಹೊರಟಿದ್ದಾಳೆ ಎಂದು ಹೋಟೆಲ್ಲಿನಲ್ಲಿ, ಆರ್‌ಟಿಓ ಆಫೀಸಿನ ಗಿಡದ ಕೆಳಗೆ ಎಷ್ಟು ಜನಕ್ಕೆ ಹೇಳಿಕೊಂಡಿದ್ದೆನೋ —

ಬೀದರಿನ ಹೊರಗಿನ ಕೊಳಾರದಲ್ಲಿ ಐತವಾರದ ರಜೆಗೆ ಕಾರ್ಖಾನೆಗಳು ಬಂದ್. ನಡುವೆ ಒಂದು ಉದ್ದನೆಯ ಸಿಮೆಂಟು ರಸ್ತೆ, ನಾಯಿ ಕೂಡ ಇರುವುದಿಲ್ಲ. ಅಲ್ಲಿ ಮೂರು ಖಾಲಿ ಗ್ರೀಸಿನ ಡಬ್ಬಿ ಇಟ್ಟು ತಾಲೀಮು ಶುರು ಮಾಡಿದೆವು. ತೊಂಬತ್ತರ ವೇಗದಲ್ಲಿ ಬರಬೇಕು, ಮೊದಲ ಡಬ್ಬಿಯ ಹತ್ತಿರ ಬ್ರೇಕು ಒತ್ತಬೇಕು, ಮೂರನೆಯದರ ಒಳಗೆ ನಿಲ್ಲಬೇಕು. ಅವರು ತಮ್ಮ ಗಾಡಿ ತರುತ್ತೇನೆ ಎಂದರು. "ಬ್ಯಾಡ್ರಿ, ಸುಮ್ಮ ಟೈರ್ ಸವೀತಾವ, ನಮ್ಮ ಗಾಡ್ಯಾಗೇ ಮಾಡ್ರಿ" ಎಂದೆ. ನಿಜ ಹೇಳಬೇಕೆಂದರೆ, ನನ್ನ ಕಾಲ ಹತ್ತಿರ ಬ್ರೇಕಿಲ್ಲದ ಗಾಡಿಯಲ್ಲಿ ಆ ವೇಗಕ್ಕೆ ಕೂರಲು ನನಗೆ ಅಂಜಿಕೆ.

ಮೊದಲ ಸಲ ಅವರು ಸರಿಯಾದ ಜಾಗದಲ್ಲೇ ಒತ್ತಿದರು. ಆದರೆ ರಸ್ತೆಯ ಮೇಲೆ ಒತ್ತಿ ರೂಢಿಯಾದಷ್ಟೇ, ಹಗುರವಾಗಿ. ಗಾಡಿ ನಿಲ್ಲುವಂತೆ ಕಾಣಲಿಲ್ಲ. ನನ್ನ ಕಾಲು ನನ್ನನ್ನು ಕೇಳದೆ ಪೆಡಲಿನ ಮೇಲೆ ಬಿತ್ತು. ಗಾಡಿ ಮೂರನೆಯ ಡಬ್ಬಿಗೆ ಒಂದು ಮಾರು ಇರುವಾಗ ನಿಂತಿತು.

"ನಿಂತಿತಲ್ರಿ!" — ಸಣ್ಣ ಹುಡುಗಿಯ ಹಾಗೆ ಸ್ಟಿಯರಿಂಗಿಗೆ ಎರಡೂ ಕೈ ಬಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಉಸ್ತಾದ್, ಖರೇ ಹೇಳ್ರಿ. ನೀವು ಒತ್ತಲಿಲ್ಲಲ್ಲ?"

ಕೇಳಿದ್ದರು. ಸ್ಪಷ್ಟವಾಗಿ ಕೇಳಿದ್ದರು. ಆಗ ಒಂದು "ಒತ್ತಿದೆ" ಎಂದಿದ್ದರೆ —

"ನಾನ್ಯಾಕ ಒತ್ತಲಿ? ನನ್ನ ಕಾಲು ಮಡಚಿಟ್ಟೀನಿ. ನೀವೇ ನಿಲ್ಲಿಸಿದ್ರಿ."

ಅದೇ ಸುಳ್ಳು, ಅಷ್ಟು ವರ್ಷದ ರೂಢಿಯ ಸುಳ್ಳು. ಬಾಯಿಗೆ ತಾನಾಗಿ ಬಂತು. ಒಮ್ಮೆ ಹೇಳಿದ ಮೇಲೆ ಅದನ್ನು ನಿಜ ಮಾಡಲು ಪ್ರತಿ ಸಲವೂ ಒತ್ತಬೇಕಾಯಿತು. ಆರು ಐತವಾರ ಒತ್ತಿದೆ. ಅವರ ಕಾಲು ಆರು ಐತವಾರ ಕಲಿತದ್ದು ಒಂದೇ ಪಾಠ: ಇಷ್ಟು ಹಗುರಾಗಿ ಒತ್ತಿದರೆ ತೊಂಬತ್ತರ ವೇಗದ ಗಾಡಿ ನಿಲ್ಲುತ್ತದೆ.

ಹೊರಡುವ ವಾರ ಟ್ರ್ಯಾಕಿನವರ ಫೋನು ಬಂತು. ಪೂರ್ತಿ ಹೊಸಬರ ಗುಂಪಿನಲ್ಲಿ ದಿನವಿಡೀ ಪಕ್ಕದಲ್ಲಿ ಕಲಿಸುವವರು ಕೂರುತ್ತಾರೆ; ಎರಡನೆಯ ಗುಂಪಿನವರು ಮಧ್ಯಾಹ್ನದಿಂದ ಒಬ್ಬರೇ ಓಡಿಸಬಹುದು. ಜೋರಿನಿಂದ ಬಂದು ಗಾಡಿ ನಿಲ್ಲಿಸುವ ತಾಲೀಮು ಸ್ವಂತವಾಗಿ ಆಗಿದೆ ಎಂದು ಕಲಿಸಿದವರು ಬರೆದುಕೊಟ್ಟರೆ ಎರಡನೆಯದರಲ್ಲಿ ಹಾಕುತ್ತೇವೆ ಎಂದರು. ಮೇಡಂ ಎದುರಿಗೇ ಕೂತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು.

"ಎರಡನೇದರಾಗೇ ಹಾಕ್ರಿ. ನಾನು ಜವಾಬ್ದಾರಿ" — ಹಿಂದಿಯಲ್ಲಿ ಹೇಳಿದೆ. ಲೆಟರ್‌ಹೆಡ್ಡಿನ ಮೇಲೆ ಬರೆದು, ಸೀಲು ಹೊಡೆದು ಕಳಿಸಿದೆ.

ಮೇಡಂ ಅವರ ಸ್ವಂತ ಕಾರಿನಲ್ಲೇ ತಮಿಳುನಾಡಿಗೆ ಹೊರಟೆವು; ಅವರ ಅಣ್ಣನೂ ನಮ್ಮೊಂದಿಗೆ ಬಂದಿದ್ದರು. ಭಾಲ್ಕಿಯಲ್ಲಿ ತೊಗರಿ-ಕಡಲೆಯ ವ್ಯಾಪಾರ ಅವರದು. ದಾರಿಯುದ್ದಕ್ಕೂ ತಂಗಿಯನ್ನು ಕಾಡಿಸುತ್ತಿದ್ದರು. "ಸುತ್ತಿ ಸುತ್ತಿ ಇದ್ದಲ್ಲೇ ಬರ್ಲಿಕ್ಕ ಇಷ್ಟು ದೂರ ಬರಬೇಕೇನವ್ವ? ಗಾಣದ ಎತ್ತು ಮನಿ ಹಿತ್ತಲದಾಗೇ ಸುತ್ತತದ." ಮೇಡಂ ಕಡಿಮೆಯವರಲ್ಲ. "ಗಾಣದ ಎತ್ತಿನ ಕಣ್ಣಿಗೆ ಬಟ್ಟಿ ಕಟ್ಟಿರ್ತಾರಣ್ಣ. ನಾ ಕಣ್ಣು ತೆರದು ಸುತ್ತತೇನಿ." ಅಣ್ಣ ನಕ್ಕರು. ನಾನೂ ನಕ್ಕೆ. ಕಣ್ಣಿಗೆ ಬಟ್ಟೆ ಕಟ್ಟಿದವನು ಹಿಂದಿನ ಸೀಟಿನಲ್ಲಿ ಕೂತು ನಕ್ಕೆ.

ಟ್ರ್ಯಾಕಿನ ಬೆಳಗಿನ ಸುತ್ತುಗಳಲ್ಲಿ ಪಕ್ಕದಲ್ಲಿ ಅಲ್ಲಿಯ ಕಲಿಸುವವರು ಇದ್ದರು, ವೇಗ ಕಡಿಮೆ ಇತ್ತು, ಏನೂ ತೊಂದರೆಯಾಗಲಿಲ್ಲ. ಊಟವಾದ ಮೇಲೆ ಒಬ್ಬರೇ ಹೊರಟರು. ನಾನೂ ಅವರ ಅಣ್ಣನೂ ಟ್ರ್ಯಾಕಿನ ಬದಿಯ ಗೋಡೆಯ ಹತ್ತಿರ ನಿಂತಿದ್ದೆವು. ಎರಡು ಸುತ್ತು ತಡೆದು ತಡೆದು ಓಡಿಸಿದರು. ಮೂರನೆಯ ಸುತ್ತಿಗೆ ನೇರ ದಾರಿಯಲ್ಲಿ ವೇಗ ಹೆಚ್ಚಿತು. ಬ್ರೇಕು ಎಲ್ಲಿ ಒತ್ತಬೇಕೆಂದು ದಾರಿಯ ಬದಿಗೆ ಹಲಗೆ ನೆಟ್ಟಿದ್ದರು. ಗಾಡಿ ಆ ಹಲಗೆಯ ಹತ್ತಿರ ಬಂತು, ಹಿಂದಿನ ಕೆಂಪು ದೀಪ ಹತ್ತಿತು — ಸರಿಯಾದ ಜಾಗದಲ್ಲಿ, ಒಂದು ಮೊಳ ಆಚೆ ಈಚೆ ಇಲ್ಲ. ಅದೇ ಕ್ಷಣ ನನ್ನ ಬಲಗಾಲು ನೆಲದ ಸಿಮೆಂಟನ್ನು ಒತ್ತಿತು. ಹಿಮ್ಮಡಿ ನೋಯುವಷ್ಟು ಒತ್ತಿದೆ. ಗಾಡಿ ನಿಲ್ಲಲಿಲ್ಲ. ತಿರುವು ಬಂತು, ಗಾಡಿ ತಿರುಗದೆ ನೇರ ಹೋಯಿತು. ಜಲ್ಲಿ ಹಾರಿತು, ಆಮೇಲೆ ಗೋಡೆಯ ಹಾಗೆ ಪೇರಿಸಿದ್ದ ಹಳೆ ಟೈರುಗಳಿಗೆ ಬಡಿದ ಸಪ್ಪಳ. ಅಣ್ಣ "ಅವ್ವಾ" ಎಂದು ಕೂಗಿ ಓಡಿದರು. ನಾನು ಓಡಲಿಲ್ಲ. ಕಾಲು ಎತ್ತಲು ಬರಲಿಲ್ಲ.

ಜೀವ ಉಳಿಯಿತು. ಬಲಗಾಲಿನ ಹರಡು, ಪಾದದ ಮೇಲಿನ ಗಂಟು, ಮೂರು ಕಡೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಹೇಳಬಹುದಿತ್ತು. ಹೇಳಬೇಕೆಂದೇ ಮಂಚದ ಹತ್ತಿರ ಹೋದೆ. ಅವರೇ ನನ್ನ ಕೈ ಹಿಡಿದುಕೊಂಡರು. "ನಿಮ್ಮದೇನೂ ತಪ್ಪಿಲ್ರಿ ಉಸ್ತಾದ್. ನೀವು ಚಂದ ಕಲಿಸಿದ್ರಿ. ನನ್ನ ಕಾಲೇ ದಗಾ ಮಾಡ್ತು." ಅಣ್ಣ ಬಾಗಿಲಲ್ಲಿ ನಿಂತು, "ಉಸ್ತಾದ್ ಹೇಳಿದಂಗ ಒತ್ತಿದ್ದರ ಹಿಂಗ ಆಗ್ತಿದ್ದಿಲ್ಲ" ಎಂದರು. ನಾನು ತಲೆ ಅಲ್ಲಾಡಿಸಿದೆ. ಹೌದು ಎಂದು ಅಲ್ಲಾಡಿಸಿದೆನೋ ಇಲ್ಲ ಎಂದೋ — ಅಲ್ಲಿದ್ದವರೆಲ್ಲ ಹೌದು ಎಂದೇ ತಿಳಿದರು. ನಾನು ಹಾಗೇ ಬಿಟ್ಟೆ.

ಅವರ ಕಾಲು ದಗಾ ಮಾಡಲಿಲ್ಲ. ನಾನು ಕಲಿಸಿದಷ್ಟನ್ನು, ಕಲಿಸಿದ ಜಾಗದಲ್ಲೇ ಒತ್ತಿತು. ಅಷ್ಟು ವಿಧೇಯವಾದ ಕಾಲು ನನ್ನ ಕಸುಬಿನಲ್ಲಿ ಇನ್ನೊಂದು ನೋಡಿಲ್ಲ.

ಊರಿಗೆ ಬಂದ ಮೇಲೆ ಮಾತು ಹಬ್ಬಿತು. ಪಿ.ಟಿ. ಮೇಡಂ ಗಾಬರಿಯಾಗಿ ಬ್ರೇಕು ಒತ್ತುವುದು ಮರೆತರಂತೆ. ಹೆಣ್ಮಕ್ಳಿಗೆ ಯಾಕ ಬೇಕಿತ್ತಂತ. ನಾನು ಕೂತ ಹೋಟೆಲ್ಲಿನಲ್ಲೇ ಜನ ನಕ್ಕರು. ನನಗೆ ಸಮಾಧಾನ ಹೇಳಿದರು. ಮೇಡಂ ಅವರಿಗೆ ಸೀಟಿ ಹಿಡಿದು ಮೈದಾನದಲ್ಲಿ ಓಡಾಡುವುದು ಆಗದೆ, ಶಾಲೆಯ ಗ್ರಂಥಾಲಯದಲ್ಲಿ ಕೂರಿಸಿದರು. ಕಾರು ಮಾರಿದರು. ಭಾಲ್ಕಿಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ಮಾತು ಮತ್ತೆ ಎತ್ತಲಿಲ್ಲ. ಮೂಳೆ ಮುರಿದದ್ದಕ್ಕೆ ಡಾಕ್ಟರು ಇದ್ದರು. ತನ್ನ ಕಾಲಿನ ಮೇಲೆ ತನಗೇ ನಂಬಿಕೆ ಹೋದದ್ದಕ್ಕೆ ಮದ್ದು ನನ್ನೊಬ್ಬನ ಬಾಯಲ್ಲಿತ್ತು. ಆ ಬಾಯಿ ಮುಚ್ಚಿಕೊಂಡು ಎಂಟು ವರ್ಷ ಉಂಡೆ, ಉಟ್ಟೆ, ಬಸವಣ್ಣನ ಮಾತು ಹೇಳುವವರ ನಡುವೆ ಹೋಗಿ ಕೂತು ಬಂದೆ.

ಕಳೆದ ತಿಂಗಳು ಔರಾದಿನಲ್ಲಿ ಪರಿಚಯದವರ ಹೊಸ ಮನೆಯ ವಾಸ್ತು, ಗೃಹಪ್ರವೇಶ. ಅಂಗಳದಲ್ಲಿ ಮೇಡಂ ಎದುರಾದರು. ಕುಂಟುತ್ತ ಬಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದರು. ಆ ಕಾಲನ್ನೇ ಮುಟ್ಟಿದರು. ಜೊತೆಗೆ ಅಣ್ಣನ ಮಗಳು, ಹದಿನೆಂಟರ ಹುಡುಗಿ.

"ಅಜ್ಜಾ, ಉಸ್ತಾದ್ ಅಂದ್ರ ನೀವೇ ಏನ್ರಿ? ನನಗೂ ಗಾಡಿ ಕಲಿಸ್ರಿ."

"ಬ್ಯಾಡವ್ವ" ಎಂದರು ಮೇಡಂ. ನಗುತ್ತಲೇ ಅಂದರು. "ನಮ್ಮ ಮನಿ ಹೆಣ್ಮಕ್ಳ ಕಾಲಿಗೆ ಅದು ಬರಂಗಿಲ್ಲ. ಬೇಕಾದ್ರ ಉಸ್ತಾದ್‌ನೇ ಕೇಳು."

ಇಬ್ಬರೂ ನನ್ನ ಮುಖ ನೋಡಿದರು. ಹುಡುಗಿ ನಿಜವಾಗಿ ಕಾಯುತ್ತಿದ್ದಳು. ನಾನು ಏನು ಹೇಳಿದೆ ಗೊತ್ತೆ? "ಬಿಸಲು ಭಾಳ ಅದ, ಒಳಗ ಕೂಡ್ರಿ" ಎಂದೆ.

ಆ ಹುಡುಗಿ ತನ್ನ ಕಾಲುಗಳ ಕಡೆ ಒಮ್ಮೆ ನೋಡಿಕೊಂಡಳು. ಅಷ್ಟೇ. ಆಮೇಲೆ ಇಬ್ಬರೂ ಒಳಗೆ ಹೋದರು.

ಒಬ್ಬರ ಮೇಲೆ ಹೊರಿಸಿದ್ದು ಈಗ ಇನ್ನೊಬ್ಬಳ ಮೈಗೆ ಹತ್ತುತ್ತಿದೆ — ನಾನು ನೋಡುತ್ತ ನಿಂತಿದ್ದೇನೆ. ಭಾಲ್ಕಿಗೆ ಹೋಗಿ ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ಇದ್ದಿದ್ದರೆ ಬಸ್‌ಸ್ಟ್ಯಾಂಡಿನಿಂದ ತಿರುಗಿ ಬರುತ್ತಿರಲಿಲ್ಲ. ಅದಕ್ಕೆ ಬರೆದೆ. ಮೊದಲ ಪ್ರತಿಯನ್ನು ಇವತ್ತು ಬೆಳಿಗ್ಗೆ ಅವರ ಶಾಲೆಯ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳಿಸಿದೆ. ಇನ್ನು ತಿರುಗಿ ಬರಲು ಬಸ್ಸಿಲ್ಲ. ಅವರು ನನ್ನ ಬಾಗಿಲಿಗೆ ಬಂದು ಉಗುಳಿದರೂ, ಅಣ್ಣ ಬಂದು ಕಪಾಳಕ್ಕೆ ಹೊಡೆದರೂ ಅದು ನನಗೆ ಬರಬೇಕಾದದ್ದು. ಕ್ಷಮಿಸಿ ಎಂದು ಈ ಬರಹದಲ್ಲಿ ಕೇಳುವುದಿಲ್ಲ. ಅದನ್ನು ಅವರ ಮುಂದೆ ನಿಂತು ಕೇಳಬೇಕು. ಕೇಳಿಲ್ಲ, ಇನ್ನೂ ಕೇಳಿಲ್ಲ.

ಊರೆಲ್ಲ ಓದುವ ಈ ಪ್ರತಿಯಲ್ಲಿ ಅವರ ಹೆಸರು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ಆದರೆ ಆ ತಪ್ಪು ಬೀದರಿನಿಂದ ಔರಾದಿನವರೆಗೆ ಅವರ ಹೆಸರಿನ ಮೇಲೇ ತಿರುಗಿತು. ಅದನ್ನು ಇಳಿಸಬೇಕಾದರೆ ಆ ಹೆಸರನ್ನು ಹಿಡಿದೇ ಇಳಿಸಬೇಕು. ಭಾತಂಬ್ರಾ ಊರಿನ ಮಗಳು, ಭಾಲ್ಕಿಯ ಪಿ.ಟಿ. ಟೀಚರು, ಸರಿಯಾದ ಜಾಗದಲ್ಲಿ ಬ್ರೇಕು ಒತ್ತಿದವರು — ಜಗದೇವಿ.