ಕಿಟಕಿಯ ಕೆಳಗಿನ ಮಂಚ

ಧಾರವಾಡದಿಂದ ಅತ್ತೆ ಬಂದಾಗ, ಇಂಗ್ಲೆಂಡಿನ ಬೀಸ್ಟನ್ನಿನಲ್ಲಿರುವ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿದ್ದ ಚಿಕ್ಕ ಕೋಣೆಗೆ ಒಂದು ಡೇಬೆಡ್ ತರಿಸಿದೆವು. ನಮ್ಮ ಕಡೆಯ ದಿವಾನದಂಥದ್ದು. ಹಗಲು ಒರಗಿ ಕೂರಬಹುದು, ರಾತ್ರಿ ಮಲಗಬಹುದು. ಅಗ್ಗದ್ದು. ಬೆನ್ನಿನ ಕಡೆ ಬಿಳಿ ಬಣ್ಣ ಬಳಿದ ಕಬ್ಬಿಣದ ಸರಳುಗಳು, ಏಣಿಯ ಹಾಗೆ ಅಡ್ಡಡ್ಡ. ಈಗ ಕಣ್ಣು ಮುಚ್ಚಿದರೆ ಆ ಸರಳುಗಳೇ ಕಾಣುತ್ತವೆ.

ನನ್ನ ಗಂಡ ಆಸ್ಪತ್ರೆಯಲ್ಲಿ ಸರ್ಜನ್. ಪಾಳಿಯ ರೋಟಾದಲ್ಲಿ ಬಿಡುವು ಸಿಕ್ಕ ಒಂದು ಭಾನುವಾರ ಇಬ್ಬರೂ ನೆಲದ ಮೇಲೆ ಕೂತು ಅದನ್ನು ಜೋಡಿಸಿದೆವು. ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಎಲ್ಲ ಸೇರಿದ ಮೇಲೆ ಬಿಗಿಯಬೇಕು ಎಂಬುದು ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗಿ ಬಂದಾಗ ತಿಳಿಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಮಂದಿ ಹೊಟ್ಟಿ ಕೊಯ್ದು ಹೊಲೀತೀ, ಒಂದು ಮಂಚ ಕೂಡ್ಸಾಕ ಬರವಲ್ದೇನೋ?"

"ಹೊಟ್ಟಿಗೆ ಬೋಲ್ಟ್ ಇರಂಗಿಲ್ಲ ಬೇ," ಎಂದ ಮಗ.

ಉದ್ದದ ಗೋಡೆಗೆ ಅದನ್ನು ಒರಗಿಸಿ ನಿಲ್ಲಿಸಿದ್ದೇ ತಡ, ಅತ್ತೆ ಉತ್ತರ ಯಾವ ಕಡೆ ಎಂದು ಕೇಳಿದರು. ಗಂಡ ಫೋನಿನಲ್ಲಿ ದಿಕ್ಕು ನೋಡಿದ. ಒಂದು ತುದಿಗೆ ದಿಂಬಿಟ್ಟರೆ ತಲೆ ಉತ್ತರಕ್ಕಾಗುತ್ತಿತ್ತು. ಇನ್ನೊಂದು ತುದಿಗೆ ಇಟ್ಟರೆ ಕಾಲು ದೇವರ ಕಡೆಗೆ. ಬಂದ ದಿನವೇ ಅತ್ತೆ ಉತ್ತರದ ಗೋಡೆಯ ಹಲಗೆಯ ಮೇಲೆ ತಮ್ಮ ದೇವರನ್ನು ಇಟ್ಟುಕೊಂಡಿದ್ದರು. "ದೇವರಿಗೆ ಕಾಲು ಮಾಡಿ ಮಲಗ್ಲೇನು?" ಎಂದರು. ಉಳಿದದ್ದು ಕಿಟಕಿಯ ಕೆಳಗಿನ ಜಾಗ ಒಂದೇ. ಅಲ್ಲಿ ತಲೆ ಪೂರ್ವಕ್ಕೆ ಬರುತ್ತಿತ್ತು, ಬಿಸಿಲೂ ಬೀಳುತ್ತಿತ್ತು. ಮಂಚವನ್ನು ಅಲ್ಲಿಗೆ ಸರಿಸಿದೆವು. ಅದರ ಬೆನ್ನು ಕಿಟಕಿಯ ಕಟ್ಟೆಗೆ ಸಮನಾಗಿ ನಿಂತಿತು.

ನಮ್ಮ ಮನೆಯಲ್ಲಿ ಒಗ್ಗರಣೆಗೂ ಒಂದು ಕ್ರಮವಿದೆ. ಮೆಣಸಿನಕಾಯಿಯ ಘಾಟು ಮಹಡಿ ಮುಟ್ಟಿದರೆ ಹೊಗೆಯ ಅಲಾರಂ ಕಿರುಚತೊಡಗುತ್ತದೆ. ಒಬ್ಬರು ಅದರ ಕೆಳಗೆ ನಿಂತು ಟವೆಲು ಬೀಸಬೇಕು, ಇನ್ನೊಬ್ಬರು ಕಿಟಕಿಗಳನ್ನೆಲ್ಲ ತೆರೆಯಬೇಕು. ಕಿಟಕಿಯ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡಿದ್ದರು.

ಆ ಶನಿವಾರ ಮಧ್ಯಾಹ್ನ ಗಂಡ ಡ್ಯೂಟಿಯಲ್ಲಿದ್ದ. ನಾನು ಸಾರಿಗೆ ಒಗ್ಗರಣೆ ಹಾಕಿದೆ, ಅಲಾರಂ ಕೂಗಿತು. ಒಲೆ ಆರಿಸಿ ಟವೆಲು ಹಿಡಿದು ಮೇಲೆ ಓಡಿದೆ. ಅತ್ತೆ ತಮ್ಮ ಕೋಣೆಯ ಕಿಟಕಿ ತೆರೆದು ನಮ್ಮ ಕೋಣೆಗೆ ಹೋದರು. ಅವರ ಸೆರಗು ಹಿಡಿದು ಬಂದಿದ್ದ ಎರಡೂವರೆ ವರ್ಷದ ನಮ್ಮ ಮಗಳು ಅತ್ತೆಯ ಕೋಣೆಯಲ್ಲೇ ಉಳಿದಳು.

ಟವೆಲು ಬೀಸುತ್ತಲೇ ಆ ಕೋಣೆಯ ಬಾಗಿಲ ಕಡೆ ತಿರುಗಿದೆ. ಮಗು ಮಂಚದ ಬೆನ್ನಿನ ನಡುವಿನ ಸರಳಿನ ಮೇಲೆ ನಿಂತಿತ್ತು. ಹೊಟ್ಟೆ ಕಿಟಕಿಯ ಕಟ್ಟೆಯ ಮೇಲೆ, ತಲೆ ಮತ್ತು ಎರಡೂ ಕೈ ಹೊರಗೆ. ಕೆಳಗಿದ್ದ ಪಕ್ಕದ ಮನೆಯ ಬೆಕ್ಕನ್ನು ಕರೆಯುತ್ತಿತ್ತು. ಕೆಳಗಿರುವುದು ಕಾಂಕ್ರೀಟಿನ ಅಂಗಳ.

ಕೂಗಿದರೆ ಬೆಚ್ಚಿ ಜಾರುತ್ತಾಳೆ ಅನ್ನಿಸಿತು. ಹಾಗೆ ಯೋಚಿಸಿಯೇ ಟವೆಲು ಹಿಡಿದು ನಿಂತಲ್ಲೇ ನಿಂತೆನೋ ಏನೋ, ಇವತ್ತಿಗೂ ಗೊತ್ತಿಲ್ಲ. ಅವಳ ಒಂದು ಕಾಲು ಸರಳು ಬಿಟ್ಟು ಮೇಲೆದ್ದಿತು. ಅಷ್ಟರಲ್ಲಿ ಅತ್ತೆ ನನ್ನನ್ನು ದಾಟಿ ಒಳಗೆ ಹೋದರು. ಮಂಡಿನೋವೆಂದು ಮೆಟ್ಟಿಲು ಹತ್ತಲು ಕಷ್ಟಪಡುವ ಹೆಂಗಸು ಸದ್ದಿಲ್ಲದೆ ಹಾಸಿಗೆಯ ಮೇಲೆ ಬೋರಲು ಬಿದ್ದು ಆ ಕಾಲನ್ನು ಹಿಡಿದುಕೊಂಡರು. ಅವರ ಭಾರಕ್ಕೆ ಹಾಸಿಗೆಯ ಅಡಿಯ ಮರದ ಪಟ್ಟಿಯೊಂದು ಲಟಕ್ಕೆಂದು ಮುರಿಯಿತು. ಮಗು ಒಳಗೆ ಬಂತು.

ಅಲಾರಂ ಇನ್ನೂ ಕೂಗುತ್ತಲೇ ಇತ್ತು.

"ಕಿಡಕಿ ನಾನ ತಗದಿದ್ದೆ," ಎಂದರು ಅತ್ತೆ, ಮಗುವನ್ನು ಎದೆಗೆ ಒತ್ತಿಕೊಂಡು.

"ನಾನೂ ಇಲ್ಲೇ ಇದ್ನಲ್ಲ ಅತ್ತೆ."

ಸಂಜೆ ಗಂಡ ಬಂದಾಗ ಅವರೇ ಎಲ್ಲವನ್ನೂ ಹೇಳಿದರು. "ನನ್ನ ತಲಿ ಯಾವ ಕಡೆ ಇದ್ರೇನು, ಮೊದಲ ಇದನ್ನ ಸರಸು," ಎಂದರು. ಮಂಚ ಉದ್ದದ ಗೋಡೆಗೆ ಹೋಯಿತು. ಕಿಟಕಿ ಗೇಣಿಗಿಂತ ಹೆಚ್ಚು ತೆರೆಯದ ಹಾಗೆ ಮನೆ ಮಾಲೀಕ ಕೊಂಡಿ ಹಾಕಿಸಿಕೊಟ್ಟ. ಮುರಿದ ಪಟ್ಟಿಯ ಜಾಗಕ್ಕೆ ಗಂಡ ಬೇರೆ ಹಲಗೆ ಕೂರಿಸಿದ. ಈಗ ಆ ಕೋಣೆಯಲ್ಲಿ ಯಾವ ಅಪಾಯವೂ ಇಲ್ಲ.

ಆದರೂ ಟ್ರಾಮಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, ಮೀಟಿಂಗಿನ ನಡುವೆ, ಕಣ್ಣೆದುರು ಆ ಕಾಲು ಸರಳು ಬಿಟ್ಟು ಮೇಲೇಳುತ್ತದೆ. ಅಲ್ಲಿ ಅತ್ತೆಯ ಕೈ ಕೆಲವೊಮ್ಮೆ ತಲುಪುವುದಿಲ್ಲ. ಅತ್ತೆಗೂ ಹೀಗಾಗುತ್ತದೆಯೇ ಎಂದು ನಾನು ಕೇಳಿಲ್ಲ. ನನ್ನ ಬಳಿ ಅವರೂ ಆ ಮಾತು ಎತ್ತಿಲ್ಲ.

ಮೊನ್ನೆ ಇಬ್ಬರೂ ಆ ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಮಗಳು ನಮ್ಮ ನಡುವೆ ತೂರಿ ಸರಳು ಹತ್ತತೊಡಗಿದಳು. ಹಿಂದೆ ಇದ್ದದ್ದು ಬರೀ ಗೋಡೆ.

"ವಾಚ್ ಮಿ, ಅಜ್ಜಿ!"

ಅತ್ತೆಯ ಕೈ ಅವಳ ಕಾಲಿಗೆ ಹೋಗಿತ್ತು, ನನ್ನ ಕೈ ಫ್ರಾಕಿಗೆ. ಎರಡು ಕಪ್ಪಿನ ಚಹಾವೂ ಹಾಸಿಗೆಯ ಮೇಲೆ ಚೆಲ್ಲಿ ಹರಿಯಿತು.

"ಲೆಟ್ ಗೋ!" ಮಗು ಸಿಟ್ಟಿನಿಂದ ಕೊಸರಾಡಿತು. "ಲೆಟ್ ಗೋ, ಅಮ್ಮಾ!"

ನಾವಿಬ್ಬರೂ ಬಿಡಲಿಲ್ಲ.