ಗಿರಿಗಿಟ್ಲೆ ಮಿಸ್ ಔಟಾದ ದಿನ

ನಮ್ಮ ಶಾಲೆಯ ಆಟದ ಟೀಚರನ್ನು ಮಕ್ಕಳು ಗಿರಿಗಿಟ್ಲೆ ಮಿಸ್ ಎನ್ನುತ್ತಿದ್ದರು. ಬೆನ್ನ ಹಿಂದೆ ನಾವೂ ಹಾಗೇ ಎನ್ನುತ್ತಿದ್ದೆವು. ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ ಆಕೆಯದು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಕುರ್ಚಿಗೆ ಬೇರು ಬಿಟ್ಟು ಕುಳಿತಿದ್ದರೆ, ಆಕೆ ನಿಂತೇ ಊಟ ಮುಗಿಸಿ, ಡಬ್ಬಿ ತೊಳೆದು, ಅದು ಒಣಗುವುದರೊಳಗೆ ಮೈದಾನಕ್ಕೆ ಒಂದು ಸುತ್ತು ಹಾಕಿ ಬಂದಿರುತ್ತಿದ್ದಳು.

ನಾನು ಚಿತ್ರಕಲೆಯ ಮೇಷ್ಟ್ರು. ನಮ್ಮಿಬ್ಬರದೂ ಒಂದೇ ಪಾಡು. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರು ನಮ್ಮ ಪೀರಿಯಡ್ಡುಗಳನ್ನು ಹೇಳದೆ ಕೇಳದೆ ನುಂಗಿ ನೀರು ಕುಡಿಯುತ್ತಿದ್ದರು. ನಾನು ಗೊಣಗಿಕೊಂಡು ಸುಮ್ಮನಾಗುತ್ತಿದ್ದೆ. ಆಕೆ ಮಾತ್ರ ಕ್ಲಾಸಿನ ಬಾಗಿಲಲ್ಲಿ ನಿಂತು, ಅವರು ಸೀಮೆಸುಣ್ಣ ಕೆಳಗಿಡುವವರೆಗೂ ಚೆಂಡನ್ನು ನೆಲಕ್ಕೆ ಕುಟ್ಟುತ್ತಿದ್ದಳು.

ನನ್ನ ಕೋಣೆಯ ಕಿಟಕಿ ಮೈದಾನದ ಕಡೆಗಿದೆ. ಆಟದ ಪೀರಿಯಡ್ ಎಂದರೆ ಮಕ್ಕಳಿಗೆ ಖುಷಿಯೋ ಖುಷಿ ಎಂದುಕೊಂಡವರು ಅಲ್ಲಿಂದ ಒಮ್ಮೆ ಏಳನೇ ತರಗತಿಯನ್ನು ನೋಡಬೇಕು. ಮೊನ್ನೆ ಮೊನ್ನೆಯವರೆಗೆ ಚೀರುತ್ತ ಓಡುತ್ತಿದ್ದವರು ಈಗ ಅಂಗಿ ಜಗ್ಗಿಕೊಂಡು, ಯಾರಾದರೂ ನೋಡುತ್ತಿದ್ದಾರಾ ಎಂದು ನೋಡಿಕೊಂಡು ಓಡುತ್ತಾರೆ. ಒಬ್ಬನಿಗೆ ದನಿ ಒಡೆದಿದೆ. ಕೂಗಿದರೆ ಎಲ್ಲರೂ ನಗುತ್ತಾರೆಂದು ಬಾಯೇ ಬಿಡುವುದಿಲ್ಲ. ತಂಡ ಆರಿಸುವಾಗ ಕೊನೆಗೆ ಉಳಿದವರು ಬಗ್ಗಿ ಶೂ ಲೇಸು ಕಟ್ಟುವ ನೆಪ ಮಾಡುತ್ತಾರೆ. ಮೆಟ್ಟಿಲ ಮೇಲೆ ಹೊಟ್ಟೆನೋವಿನವರ ಸಾಲು. ಹೋದ ವಾರ ಬಲಗಾಲು ಉಳುಕಿದ್ದವಳಿಗೆ ಈ ವಾರ ಎಡಗಾಲು.

ಆ ಸಾಲಿನ ಖಾಯಂ ಗಿರಾಕಿ ಗಿರಿಗಿಟ್ಲೆ ಮಿಸ್ಸಿನ ಮಗಳೇ.

ಅವಳಿಗೆ ಓಡಲು ಬರುವುದಿಲ್ಲವೆಂದಲ್ಲ. ಆಟವೂ ಸುಲಭದ್ದು. ಎದುರು ತಂಡದ ಚೆಂಡು ಮೈಗೆ ತಾಗಬಾರದು, ಸುಣ್ಣದ ಗೆರೆ ತುಳಿಯಬಾರದು. ಆದರೆ ಮಗಳ ಕಾಲು ಗೆರೆಯ ಹತ್ತಿರ ಸುಳಿದರೆ ಸಾಕು, ತಾಯಿಯ ಸೀಟಿ ಪೀ ಎನ್ನುತ್ತಿತ್ತು. ಬೇರೆ ಮಕ್ಕಳು ತುಳಿದರೂ ಒಮ್ಮೊಮ್ಮೆ ಮಾಫಿ, ಇವಳಿಗೆ ತುಳಿಯದಿದ್ದರೂ ಇಲ್ಲ. ಶಾಲೆಯಲ್ಲಿ ಅಮ್ಮ ಎನ್ನುವಂತೆಯೂ ಇರಲಿಲ್ಲ, ಮಿಸ್ ಎನ್ನಬೇಕು. ಇದೇನು ತಾಯಿ ನಿಮ್ಮ ಕಥೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಮಗಳು ಅಂತ ಬಿಟ್ಲು ಅಂದ್ರೆ ಎಲ್ಲರೂ?” ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ನನಗೆ ಸಿಟ್ಟು ಬಂದಿತ್ತು. ಊರವರ ಬಾಯಿಗೆ ಹೆದರಿ ಮನೆಯ ಮಗುವಿನ ಕಾಲು ಕಟ್ಟುವುದು ಯಾವ ನ್ಯಾಯ? ತಂಡದ ನಾಯಕರೂ ಕಿಲಾಡಿಗಳು. ಇವಳನ್ನು ಸೇರಿಸಿಕೊಂಡರೆ ಮೊದಲ ಸೀಟಿ ತಮಗೇ ಎಂದು ಅರಿತು, ಕೊನೆಯವರೆಗೂ ಇವಳ ಕಡೆ ಬೆರಳು ತೋರಿಸುತ್ತಿರಲಿಲ್ಲ. ಹುಡುಗಿ ಮೆಟ್ಟಿಲು ಹಿಡಿದಳು.

ಸಂಜೆ ತಾಯಿ ಚೆಂಡುಗಳನ್ನೆಲ್ಲ ಎತ್ತಿಟ್ಟು ಬರುವವರೆಗೆ ಅವಳು ನನ್ನ ಕೋಣೆಯಲ್ಲಿ ಕಾಯುವುದು ರೂಢಿ. ಒಂದು ಸಂಜೆ ತಾಯಿ ಬಾಗಿಲಿಗೆ ಬಂದೊಡನೆ, “ಮುಂದಿನ ವರ್ಷ ನಾನು ಬೇರೆ ಶಾಲೆಗೆ ಹೋಗ್ತೀನಿ. ಅಪ್ಪ ಒಪ್ಪಿದ್ದಾರೆ,” ಎಂದುಬಿಟ್ಟಳು.

ಅಂದಿನಿಂದ ಆಕೆಯ ಚಡಪಡಿಕೆ ಹೇಳತೀರದು. ಗಾಳಿ ತುಂಬಿದ ಚೆಂಡಿಗೇ ಮತ್ತೆ ಗಾಳಿ ತುಂಬುತ್ತಿದ್ದಳು, ಹಾಕಿದ ಗೆರೆಯ ಮೇಲೇ ಮತ್ತೆ ಸುಣ್ಣ ಸುರಿಯುತ್ತಿದ್ದಳು. “ಇವಳು ಹೋದ್ರೆ ನಾನಿಲ್ಲಿ ಯಾರ ಮಕ್ಕಳನ್ನ ಓಡಿಸಲಿ ಸರ್?” ಎಂದು ನನ್ನನ್ನೇ ಗದರಿದಳು.

ಮುಂದಿನ ಪೀರಿಯಡ್ಡಿನಲ್ಲಿ ಒಂದು ತಂಡಕ್ಕೆ ಒಬ್ಬರು ಕಮ್ಮಿ ಬಿದ್ದರು. ಆಕೆ ಮೆಟ್ಟಿಲ ಬಳಿ ಬಂದಳು.

“ಏಳು, ಒಬ್ಬರು ಕಮ್ಮಿ ಇದ್ದಾರೆ.”

“ಕಾಲು ನೋವು, ಮಿಸ್.”

“ಹಾಗಾದ್ರೆ ಕೂತೇ ಇರು. ಇದನ್ನ ಊದೋಕೆ ಕಾಲು ಬೇಡ.”

ಕೊರಳ ಸೀಟಿ ತೆಗೆದು ಮಗಳ ಕೊರಳಿಗೆ ಹಾಕಿ, ತಾನೇ ಆಟಕ್ಕಿಳಿದಳು. ನನ್ನ ಕ್ಲಾಸಿನವರು ಹೂಜಿಯ ಚಿತ್ರ ಬಿಟ್ಟು ಕಿಟಕಿಗೆ ಮುತ್ತಿದರು. ಬೈಯಬೇಕಾದ ನಾನೂ ಅವರ ನಡುವೆ ತಲೆ ತೂರಿಸಿದ್ದೆ. ಏನು ಓಟ, ಏನು ಜಿಗಿತ! ಹಿಂದಕ್ಕೆ ಹಾರಿ ಗೆರೆಯ ಹತ್ತಿರ ನಿಂತಳು. ಕಾಲಿಗೂ ಗೆರೆಗೂ ನಡುವೆ ಒಂದು ಗೇಣು ಜಾಗವಿದ್ದದ್ದು ನನಗೇ ಕಂಡಿತು.

ಪೀ!

“ಮಿಸ್ ಔಟ್.”

“ಏಯ್, ತುಳಿದಿಲ್ಲ ಕಣೇ! ಕಣ್ಣು ಎಲ್ಲಿಟ್ಟಿದ್ದೀಯ?”

“ಔಟ್ ಅಂದ್ರೆ ಔಟ್! ನೀವೇ ಹೇಳೋದು ಮಿಸ್!” ಎಂದು ಇಡೀ ತರಗತಿ ಕುಣಿಯಿತು.

ಆಕೆ ಮೆಟ್ಟಿಲ ಮೇಲೆ ಕೂತಳು. ಕೂತಳು ಎಂದರೆ, ಎದ್ದಳು, ಮತ್ತೆ ಕೂತಳು. ಕಾಲು ಕುಣಿಸಿದಳು. ಗಂಟೆ ಹೊಡೆಯುವವರೆಗೂ ಉಗುರು ಕಚ್ಚುತ್ತಿದ್ದಳು.

ಸಂಜೆ ನನ್ನ ಕೋಣೆಗೆ ಬಂದವಳೇ ಮಗಳನ್ನು ಕೇಳಿದಳು, “ನಿಜ ಹೇಳು. ನಾನು ತುಳಿದಿದ್ನಾ?”

“ಇಲ್ಲ.”

“ಗೊತ್ತಿದ್ದೂ ಊದಿದ್ಯಾ?”

“ಅಮ್ಮ ಅಂತ ಬಿಟ್ಲು ಅಂದ್ರೆ ಎಲ್ಲರೂ?”

ಗಿರಿಗಿಟ್ಲೆ ಮಿಸ್ ನನ್ನ ಕುಂಟು ಸ್ಟೂಲಿನ ಮೇಲೆ ಕೂತುಬಿಟ್ಟಳು. ಸ್ಟೂಲು ಅಲ್ಲಾಡಿತು, ಆಕೆ ಅಲ್ಲಾಡಲಿಲ್ಲ.

“ನೀನು ತುಳಿದಿಲ್ಲ ಅಂತ ನನಗೂ ಗೊತ್ತಿರ್ತಿತ್ತು, ಪುಟ್ಟಿ,” ಎಂದಳು ಕೊನೆಗೆ.

ಮಗಳು ಸೀಟಿಯನ್ನು ತಾಯಿಯ ಮಡಿಲಿಗೆ ಹಾಕಿ ಬ್ಯಾಗು ಹೆಗಲಿಗೇರಿಸಿದಳು.

ಮುಂದಿನ ವಾರ ಅವಳು ಮೆಟ್ಟಿಲಿಳಿದಳು. ಅವಳನ್ನು ತಂಡಕ್ಕೆ ಆರಿಸಿಕೊಂಡದ್ದು ಕೊನೆಗೇ. ಆಟ ಏರುತ್ತಿದ್ದಂತೆ ಅವಳ ಕಾಲು ಗೆರೆಯ ಹತ್ತಿರ ಜಾರಿತು. ಎದುರು ತಂಡ ಔಟ್ ಔಟ್ ಎಂದು ಅರಚಿತು. ತಾಯಿಯ ಕೈ ತನ್ನಷ್ಟಕ್ಕೆ ಸೀಟಿಗೆ ಹೋಯಿತು. ತುಟಿಯವರೆಗೂ ಹೋಗಿ ನಿಂತಿತು.

“ಒಳಗಿದ್ಲು. ಆಡಿ!”

“ಮಗಳಲ್ವಾ, ಅದಕ್ಕೇ,” ಎಂದಿತು ಯಾವುದೋ ದನಿ. ಕಿಟಕಿಯವರೆಗೂ ಕೇಳಿಸಿತು.

ಆಕೆಯ ಮುಖ ಕೆಂಪಾಯಿತು. “ಹೌದು, ಮಗಳೇ. ಆದ್ರೂ ಒಳಗಿದ್ಲು.”

ಮಗಳು ಬಾಯಿ ತೆರೆದು ತಾಯಿಯನ್ನೇ ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಚೆಂಡು ಬೆನ್ನಿಗೆ ಬಿತ್ತು. ಪೀ!

“ಅಮ್ಮಾ, ನಾನು ಆ ಕಡೆ ನೋಡ್ತಿದ್ದೆ! ಇದು ಲೆಕ್ಕಕ್ಕಿಲ್ಲ!” ಎಂದು ಎಲ್ಲರೆದುರು ಕಿರುಚಿದಳು.

“ಲೆಕ್ಕಕ್ಕಿದೆ. ನಡಿ ಹೊರಗೆ.”

ಹೊರಗೆ ಬಂದಳು. ಮೆಟ್ಟಿಲ ಕಡೆ ಮಾತ್ರ ಹೋಗಲಿಲ್ಲ. ಗೆರೆಯ ಪಕ್ಕದಲ್ಲೇ ನಿಂತು, ಮುಂದಿನ ಆಟ ಯಾವಾಗ ಶುರುವಾದೀತೆಂದು ಒಂದೇ ಸಮನೆ ಕಾಲು ಕುಣಿಸುತ್ತಿದ್ದಳು.